ಮೂರು ದನಿಯ ಚಿಪ್ ಮತ್ತು ಅದರ ಹಾಡಿನ ಕೈಪಿಡಿ

ಐದು ನಿಮಿಷದ ಹಾಡೊಂದು ಎಂಪಿ3 ರೂಪದಲ್ಲಿ ನಾಲ್ಕೈದು ಮೆಗಾಬೈಟ್ ಜಾಗ ಹಿಡಿಯುತ್ತದೆ. ಕೊಮೊಡೋರ್ 64 ಎಂಬ ಹಳೆಯ ಕಂಪ್ಯೂಟರಿಗೆಂದು ಬರೆದ ಅಷ್ಟೇ ಉದ್ದದ ಹಾಡು ಕೆಲವೇ ಕಿಲೋಬೈಟಿನಲ್ಲಿ ಮುಗಿದುಹೋಗುತ್ತದೆ. ಕಾರಣ ಸರಳ: ಆ ಫೈಲಿನಲ್ಲಿ ಶಬ್ದವೇ ಇರುವುದಿಲ್ಲ. ಇರುವುದು ಒಂದು ಪುಟ್ಟ ಪ್ರೋಗ್ರಾಂ. ಅದು ಸೆಕೆಂಡಿಗೆ ಐವತ್ತು ಸಲ ಎಚ್ಚರಗೊಂಡು, ಮೊದಲ ದನಿ ಇಷ್ಟು ಎತ್ತರದಲ್ಲಿರಲಿ, ಎರಡನೆಯದು ಇಲ್ಲಿಗೆ ನಿಲ್ಲಲಿ ಎಂದು ಧ್ವನಿ ಚಿಪ್‌ಗೆ ಆಜ್ಞೆ ಕೊಟ್ಟು ಮತ್ತೆ ಸುಮ್ಮನಾಗುತ್ತದೆ. ಚಿಪ್ ಆ ಆಜ್ಞೆಗಳನ್ನು ಪಾಲಿಸಿದಾಗ ಹಾಡು ಹುಟ್ಟುತ್ತದೆ.

ಹಾಗಿರುವಾಗ, ಯಂತ್ರವೇ ಅಂಗಡಿಯಿಂದ ಮರೆಯಾದ ಮೇಲೆ ಹಾಡನ್ನು ಉಳಿಸಿಕೊಳ್ಳುವುದು ಹೇಗೆ? ಫೈಲನ್ನು ನಕಲು ಮಾಡಿಟ್ಟರೆ ಸಾಲದು. ಅದನ್ನು ಓಡಿಸುವಾಗ ಹಳೆಯ ಯಂತ್ರ ಯಾರೂ ಕೇಳದೆಯೇ ಒದಗಿಸುತ್ತಿದ್ದ ಸಂಗತಿಗಳನ್ನೆಲ್ಲ ಯಾರಾದರೂ ಬರೆದಿಡಬೇಕು. ಎಲ್ಲರ ಮನೆಯಲ್ಲೂ ಅದೇ ಯಂತ್ರ ಇದ್ದಷ್ಟು ದಿನ ಅವನ್ನು ಬರೆದಿಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಹಾಡು ತನ್ನ ಯಂತ್ರ ಬಿಟ್ಟು ಬೇರೆ ಯಂತ್ರಕ್ಕೆ ಹೊರಟಾಗ ಕೈಪಿಡಿ ಬೇಕಾಯಿತು. ಆ ಕೈಪಿಡಿಯ ಒಂದೊಂದು ಸಾಲೂ ಹೇಗೆ ಹುಟ್ಟಿತು ಎಂಬುದನ್ನು ಈ ಅಧ್ಯಾಯದಲ್ಲಿ ನೋಡೋಣ.

29 ರಿಜಿಸ್ಟರುಗಳ ವಾದ್ಯ

ಕೊಮೊಡೋರ್ 64 ಅಮೆರಿಕದಲ್ಲಿ 1982ರ ಆಗಸ್ಟ್‌ನಲ್ಲಿ 595 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂತು. 64 ಕಿಲೋಬೈಟ್ ಮೆಮೊರಿ, ಸೆಕೆಂಡಿಗೆ ಹತ್ತು ಲಕ್ಷದ ಆಸುಪಾಸಿನ ಬಡಿತದಲ್ಲಿ ಓಡುವ 6510 ಪ್ರೊಸೆಸರ್, ಮನೆಯ ಟಿವಿಯನ್ನೇ ಪರದೆಯಾಗಿಸಿಕೊಳ್ಳುವ ಅನುಕೂಲ. ಇವುಗಳ ಜತೆಗೆ ಮಾಸ್ ಟೆಕ್ನಾಲಜಿ ಕಂಪನಿಯ ಎಂಜಿನಿಯರ್ ಬಾಬ್ ಯಾನಿಸ್ ವಿನ್ಯಾಸ ಮಾಡಿದ 6581 ಎಂಬ ಧ್ವನಿ ಚಿಪ್ ಇತ್ತು. ಸೌಂಡ್ ಇಂಟರ್‌ಫೇಸ್ ಡಿವೈಸ್ ಎಂಬ ಪೂರ್ತಿ ಹೆಸರನ್ನು ಮೊಟಕು ಮಾಡಿ ಎಲ್ಲರೂ ಅದನ್ನು ಸಿಡ್ ಎಂದು ಕರೆದರು. ಯಾನಿಸ್ ಅವರಿಗೆ ಸಿಂಥಸೈಸರ್ ವಾದ್ಯಗಳ ಒಳಗುಟ್ಟು ಗೊತ್ತಿತ್ತು. ಮುಂದೆ ಅವರು ಜತೆಗಾರರೊಂದಿಗೆ ಎನ್ಸಾನಿಕ್ ಎಂಬ ವಾದ್ಯ ತಯಾರಿಕಾ ಕಂಪನಿಯನ್ನೇ ಕಟ್ಟಿದರು. ಆಟಕ್ಕೆ ಬೀಪ್ ಸದ್ದು ಕೊಟ್ಟು ಸುಮ್ಮನಾಗುವ ಚಿಪ್ ಅವರಿಗೆ ಸಾಕಾಗಲಿಲ್ಲ. ನಿಜವಾದ ವಾದ್ಯವನ್ನೇ ಸಿಲಿಕಾನ್ ತುಣುಕಿನಲ್ಲಿ ಕೂರಿಸಿದರು.

ಸಿಡ್ ಏಕಕಾಲಕ್ಕೆ ಮೂರು ದನಿ ಹೊರಡಿಸುತ್ತದೆ. ಪ್ರತಿ ದನಿಗೂ ನಾಲ್ಕು ಬಗೆಯ ಅಲೆ ಸಾಧ್ಯ: ತ್ರಿಕೋನ, ಗರಗಸ, ಚೌಕ ಮತ್ತು ಗದ್ದಲ. ದನಿ ಹೇಗೆ ಏಳಬೇಕು, ಹೇಗೆ ಇಳಿಯಬೇಕು, ಎಷ್ಟರಲ್ಲಿ ನಿಲ್ಲಬೇಕು, ಹೇಗೆ ಕರಗಬೇಕು ಎಂಬ ನಾಲ್ಕು ಹಂತಗಳನ್ನೂ ಬೇರೆಬೇರೆಯಾಗಿ ನಿಗದಿ ಮಾಡಬಹುದು. ವೀಣೆಯ ತಂತಿ ಮೀಟಿದೊಡನೆ ದನಿ ಥಟ್ಟನೆ ಎದ್ದು ನಿಧಾನಕ್ಕೆ ಕರಗುತ್ತದಲ್ಲ, ಆ ಆಕಾರವನ್ನು ಇಲ್ಲಿ ಅಂಕಿಗಳಲ್ಲಿ ಬರೆಯುತ್ತಾರೆ. ಏಳುವುದಕ್ಕೆ ಸೆಕೆಂಡಿನ ಸಾವಿರದಲ್ಲಿ ಎರಡು ಭಾಗದಿಂದ 8 ಸೆಕೆಂಡಿನವರೆಗೂ, ಕರಗುವುದಕ್ಕೆ ಸಾವಿರದಲ್ಲಿ ಆರು ಭಾಗದಿಂದ 24 ಸೆಕೆಂಡಿನವರೆಗೂ ಅವಕಾಶವಿದೆ. ಕೊನೆಯಲ್ಲಿ ಮೂರೂ ದನಿಗಳನ್ನು ಹಾಯಿಸಿ ಮೊನಚು ಕಳೆಯಬಲ್ಲ ಒಂದು ಫಿಲ್ಟರ್.

ಪ್ರೊಸೆಸರಿನ ಕಣ್ಣಿಗೆ ಈ ವಾದ್ಯವೆಲ್ಲ 54272ನೇ ವಿಳಾಸದಿಂದ ಸಾಲಾಗಿ ಕುಳಿತ 29 ರಿಜಿಸ್ಟರುಗಳು. ದನಿಯೊಂದಕ್ಕೆ ಏಳರಂತೆ 21, ಫಿಲ್ಟರ್ ಮತ್ತು ಒಟ್ಟು ಧ್ವನಿಮಟ್ಟಕ್ಕೆ ನಾಲ್ಕು, ಓದುವುದಕ್ಕೆಂದೇ ಇರುವ ನಾಲ್ಕು. ಮೊದಲ 25ರಲ್ಲಿ ಬರೆಯಬಹುದೇ ಹೊರತು ಬರೆದದ್ದನ್ನು ಮತ್ತೆ ಓದಲು ಬರುವುದಿಲ್ಲ.

ಒಂದು ಸ್ವರ ನುಡಿಸಿ ನೋಡೋಣ. ಬೇಕಾದದ್ದು 440 ಹರ್ಟ್ಸ್‌ನ ಸ್ವರ. ಚಿಪ್‌ಗೆ ಹರ್ಟ್ಸ್ ಎಂದರೆ ತಿಳಿಯದು. ಬೇಕಾದ ಕಂಪನಸಂಖ್ಯೆಯನ್ನು 1,67,77,216ರಿಂದ ಗುಣಿಸಿ, ಯಂತ್ರದ ಗಡಿಯಾರದ ಬಡಿತದಿಂದ ಭಾಗಿಸಿದರೆ ಬರುವ ಅಂಕಿಯನ್ನು ಅದಕ್ಕೆ ಕೊಡಬೇಕು. ಯುರೋಪಿನ ಕೊಮೊಡೋರ್‌ನಲ್ಲಿ ಗಡಿಯಾರದ ಬಡಿತ ಸೆಕೆಂಡಿಗೆ 9,85,248. ಲೆಕ್ಕ ಹಾಕಿದರೆ ಸುಮಾರು 7492 ಬರುತ್ತದೆ. ಒಂದು ಬೈಟಿನಲ್ಲಿ 255ಕ್ಕಿಂತ ದೊಡ್ಡ ಅಂಕಿ ಹಿಡಿಸದ ಕಾರಣ ಅದನ್ನು ಎರಡಾಗಿ ಒಡೆಯಬೇಕು: 29 ಬಾರಿ 256, ಮೇಲೆ 68. ಹಾಗಾಗಿ 54272ರಲ್ಲಿ 68, 54273ರಲ್ಲಿ 29. ದನಿಯ ಏರಿಳಿತಕ್ಕೆ 54277 ಮತ್ತು 54278, ಧ್ವನಿಮಟ್ಟಕ್ಕೆ 54296ರಲ್ಲಿ 15. ಕಡೆಗೆ 54276ರಲ್ಲಿ 33 ಎಂದು ಬರೆದರೆ ಗರಗಸದ ಅಲೆಯಲ್ಲಿ ಸ್ವರ ಏಳುತ್ತದೆ. ಅದೇ ಜಾಗದಲ್ಲಿ 32 ಬರೆದರೆ ಕರಗತೊಡಗುತ್ತದೆ. ಯಂತ್ರದ ಜತೆಗೆ ಬಂದ ಬೇಸಿಕ್ ಭಾಷೆಯಲ್ಲಿ ಸಂಗೀತಕ್ಕೆಂದು ಒಂದು ಆಜ್ಞೆಯೂ ಇರಲಿಲ್ಲ. ಪೋಕ್ ಎಂಬ ಆಜ್ಞೆಯಿಂದ ಈ ಅಂಕಿಗಳನ್ನು ಒಂದೊಂದಾಗಿ ಮೆಮೊರಿಗೆ ತುಂಬಬೇಕಿತ್ತು. ಯಾವ ವಿಳಾಸಕ್ಕೆ ಯಾವ ಕೆಲಸ ಎಂಬುದನ್ನು ಕಂಪನಿ ತನ್ನ ಪ್ರೋಗ್ರಾಮರ್ಸ್ ರೆಫರೆನ್ಸ್ ಗೈಡ್ ಎಂಬ ಪುಸ್ತಕದಲ್ಲಿ ಸ್ವರಗಳ ಪಟ್ಟಿಯ ಸಮೇತ ಅಚ್ಚು ಹಾಕಿತ್ತು. ಸಿಡ್ ಸಂಗೀತದ ಮೊದಲ ದಾಖಲೆ ಅದು. ವಾದ್ಯದ ಬಗ್ಗೆ ಅದು ಬಹುಮಟ್ಟಿಗೆ ಎಲ್ಲವನ್ನೂ ಹೇಳಿತು. ವಾದಕನ ಬಗ್ಗೆ ಹೇಳುವುದು ಮುಂದಿನವರ ಪಾಲಿಗೆ ಉಳಿಯಿತು.

ಸುಮಾರು ಒಂದು ಕಿಲೋಬೈಟಿನ ವಾದಕ

ಬ್ರಿಟನ್ನಿನ ರಾಬ್ ಹಬರ್ಡ್ 1985ರಲ್ಲಿ ಮಾಂಟಿ ಆನ್ ದ ರನ್ ಎಂಬ ಆಟಕ್ಕೆ ಸಂಗೀತ ಕೊಟ್ಟರು. ಮೂರೇ ದನಿಯ ಚಿಪ್ಪಿನಲ್ಲಿ ಇಡೀ ವಾದ್ಯವೃಂದವೇ ಕೂತಿದೆಯೇನೋ ಅನ್ನಿಸುವ ರಭಸ ಅದರದು. ಮಾರ್ಟಿನ್ ಗಾಲ್ವೇ ಸೇರಿದಂತೆ ಆ ಕಾಲದ ಸಂಯೋಜಕರು ಹಾಡು ಕಟ್ಟುವ ಜತೆಗೆ ಅದನ್ನು ನುಡಿಸುವ ಪ್ರೋಗ್ರಾಮನ್ನೂ ತಾವೇ ಬರೆದುಕೊಳ್ಳುತ್ತಿದ್ದರು. ಆಟದ ಮಿಕ್ಕ ಕೆಲಸಕ್ಕೆ ಅಡ್ಡಿಯಾಗದಂತೆ ಅದು ಚಿಕ್ಕದೂ ಚುರುಕೂ ಆಗಿರಬೇಕಿತ್ತು. ಹಬರ್ಡ್ ಅವರ ವಾದಕ ಪ್ರೋಗ್ರಾಂ ಸುಮಾರು ಒಂದು ಕಿಲೋಬೈಟಿನಷ್ಟು. ಅದರ ಒಳರಚನೆ ಆಟದ ಬೈಟುಗಳ ನಡುವೆ ಹುದುಗಿಹೋಗಿತ್ತು.

ಅದನ್ನು ಬಿಡಿಸಿ ವಿವರಿಸುವ ಲೇಖನವೊಂದು 1993ರಲ್ಲಿ ಸಿ-ಹ್ಯಾಕಿಂಗ್ ಎಂಬ ಎಲೆಕ್ಟ್ರಾನಿಕ್ ಪತ್ರಿಕೆಯ ಐದನೇ ಸಂಚಿಕೆಯಲ್ಲಿ ಬಂತು. ಆಂಥೊನಿ ಮೆಕ್‌ಸ್ವೀನಿ ಅವರು ಹಬರ್ಡ್ ಅವರ ಯಂತ್ರಭಾಷೆಯ ಪ್ರೋಗ್ರಾಮನ್ನು ಸಾಲುಸಾಲಾಗಿ ಬಿಚ್ಚಿ, ಪ್ರತಿ ಭಾಗಕ್ಕೂ ಟಿಪ್ಪಣಿ ಬರೆದಿದ್ದರು. ಹಳೆಯ ಕಂಪ್ಯೂಟರಿನ ಸಂಗೀತ ತಂತ್ರಾಂಶವನ್ನು ದಾಖಲಿಸುವುದು ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಲೇಖನವನ್ನು.

ಅದು ತೋರಿಸಿಕೊಟ್ಟ ರಚನೆ ಹೀಗಿದೆ. ಪ್ರತಿ ಹಾಡಿಗೂ ಮೂರು ದನಿಗೆ ಮೂರು ಪಟ್ಟಿ. ಪ್ರತಿ ಪಟ್ಟಿಯಲ್ಲೂ ಯಾವ ಸ್ವರಗುಚ್ಛದ ಹಿಂದೆ ಯಾವುದು ಬರಬೇಕು ಎಂಬ ಅನುಕ್ರಮ. ಪಟ್ಟಿಯ ಕೊನೆಗೆ 255 ಇದ್ದರೆ ಮತ್ತೆ ಮೊದಲಿನಿಂದ, 254 ಇದ್ದರೆ ಹಾಡು ಮುಕ್ತಾಯ. ಒಂದೇ ಸ್ವರಗುಚ್ಛವನ್ನು ಹತ್ತು ಕಡೆ ಬಳಸಿದರೂ ಅದನ್ನು ಮೆಮೊರಿಯಲ್ಲಿ ಇಡುವುದು ಒಂದೇ ಕಡೆ. ಇಷ್ಟು ಕಡಿಮೆ ಜಾಗದಲ್ಲಿ ಅಷ್ಟು ಉದ್ದದ ಹಾಡು ಹಿಡಿಸಲು ಇದೇ ಮುಖ್ಯ ಕಾರಣ.

ಸ್ವರಗುಚ್ಛದೊಳಗೆ 131, 1, 57 ಎಂಬ ಮೂರು ಬೈಟು ಬಂದವು ಎಂದಿಟ್ಟುಕೊಳ್ಳಿ. 131 ಎಂದರೆ 128 ಕೂಡಿಸು 3. ಬೈಟಿನ ಕೆಳಗಿನ ಐದು ಬಿಟ್‌ಗಳು ಸ್ವರದ ಅವಧಿಯನ್ನು ಹೇಳುತ್ತವೆ, ಅಂದರೆ ಇಲ್ಲಿ 3. ಮೇಲ್ತುದಿಯ ಬಿಟ್, ಅಂದರೆ 128, ಹಾಕಿದ್ದರೆ ಮುಂದಿನ ಬೈಟಿನಲ್ಲಿ ಹೊಸ ವಾದ್ಯದ ಸಂಖ್ಯೆಯೋ ಸ್ವರ ಜಾರಿಸುವ ಆಜ್ಞೆಯೋ ಇದೆ ಎಂದರ್ಥ. ಮುಂದಿನ ಬೈಟು 1; ಹಾಗಾಗಿ ಒಂದನೇ ಸಂಖ್ಯೆಯ ವಾದ್ಯ. ಕೊನೆಯ 57 ಸ್ವರದ ಸ್ಥಾನ. ಸೊನ್ನೆಯಿಂದ ಆರಂಭಿಸಿ ಹನ್ನೆರಡು ಹನ್ನೆರಡಾಗಿ ಎಣಿಸಿದರೆ 57 ಎಂಬುದು ನಾವು ಮೇಲೆ ನುಡಿಸಿದ 440 ಹರ್ಟ್ಸ್‌ನ ಸ್ವರವೇ. ವಾದ್ಯವೂ ಎಂಟೇ ಬೈಟು: ಚೌಕ ಅಲೆಯ ಅಗಲಕ್ಕೆ ಎರಡು, ಅಲೆಯ ಬಗೆಗೆ ಒಂದು, ಏರಿಳಿತಕ್ಕೆ ಎರಡು, ಕಂಪಿತದ ಆಳಕ್ಕೆ ಒಂದು, ಅಲೆಯ ಅಗಲ ಬದಲಾಗುವ ವೇಗಕ್ಕೆ ಒಂದು, ವಿಶೇಷ ಪರಿಣಾಮಗಳಿಗೆ ಒಂದು. ಆ ಕೊನೆಯ ಬೈಟಿನಲ್ಲಿ ಒಂದು ಬಿಟ್ ಹಾಕಿದರೆ ಸ್ವರ ಡ್ರಮ್ ಸದ್ದಾಗುತ್ತದೆ. ಇನ್ನೊಂದು ಹಾಕಿದರೆ ಸ್ವರವೂ ಅದರ ಜತೆಯ ಸ್ಥಾಯಿಯ ಸ್ವರವೂ ಪ್ರತಿ ಬಡಿತಕ್ಕೆ ಅದಲುಬದಲಾಗುತ್ತವೆ. ಸೆಕೆಂಡಿಗೆ ಐವತ್ತು ಸಲ ಬದಲಾಗುವ ಸ್ವರಗಳು ಕಿವಿಗೆ ಬೆರೆತು ಕೇಳಿಸುವುದರಿಂದ ಒಂದು ದನಿ ಎರಡಾದಂತೆ ಭಾಸವಾಗುತ್ತದೆ.

ಚಿಪ್ಪಿನ ರಿಜಿಸ್ಟರುಗಳನ್ನು ಓದಲು ಬರುವುದಿಲ್ಲ ಎಂದೆನಲ್ಲ, ಅದರ ಪರಿಣಾಮ ಇಲ್ಲಿ ಕಾಣುತ್ತದೆ. ಸ್ವರ ಈಗ ಎಲ್ಲಿದೆ, ಎಷ್ಟು ಹೊತ್ತು ಉಳಿದಿದೆ, ಕಂಪಿತ ಮೇಲಕ್ಕೆ ಹೋಗುತ್ತಿದೆಯೋ ಕೆಳಕ್ಕೋ ಎಂಬುದನ್ನೆಲ್ಲ ವಾದಕ ಪ್ರೋಗ್ರಾಂ ತಾನೇ ನೆನಪಿಟ್ಟುಕೊಳ್ಳಬೇಕು. ಸಂಗೀತದ ತಿಳಿವಳಿಕೆಯೆಲ್ಲ ಪ್ರೋಗ್ರಾಮಿನಲ್ಲಿದೆ. ಪ್ರತಿ ಸಂಯೋಜಕರ ಪ್ರೋಗ್ರಾಂ ಬೇರೆಯಾದ್ದರಿಂದ ಸ್ವರಗಳ ಪಟ್ಟಿಯನ್ನಷ್ಟೇ ಕಿತ್ತು ತೆಗೆದರೆ ಹಾಡು ಬರುವುದಿಲ್ಲ. ವಾದಕನ ಸಮೇತ ಎತ್ತಿಕೊಂಡು ಬರಬೇಕು.

ಹೆಡರ್ ಎಂಬ ಒಪ್ಪಂದ

ಹಾಗೆ ಎತ್ತಿಕೊಂಡು ಬಂದವರು ಪೇರ್ ಹೋಕನ್ ಸುಂಡೆಲ್ ಮತ್ತು ರಾನ್ ಬಿರ್ಕ್. 1990ರಲ್ಲಿ ಅವರು ಅಮಿಗಾ ಕಂಪ್ಯೂಟರಿಗೆ ಪ್ಲೇಸಿಡ್ ಎಂಬ ತಂತ್ರಾಂಶ ಬರೆದರು. ಅದು ಕೊಮೊಡೋರ್‌ನ ಪ್ರೊಸೆಸರನ್ನು ಅಮಿಗಾದೊಳಗೆ ಅನುಕರಿಸಿ, ಆಟದಿಂದ ಕಿತ್ತು ತೆಗೆದ ಸಂಗೀತದ ಪ್ರೋಗ್ರಾಮನ್ನು ಅದರಲ್ಲಿ ಓಡಿಸುತ್ತಿತ್ತು. ಈ ಕೆಲಸಕ್ಕೆ ಅದಕ್ಕೊಂದಿಷ್ಟು ಮಾಹಿತಿ ಬೇಕು. ಪ್ರೋಗ್ರಾಮನ್ನು ಮೆಮೊರಿಯ ಯಾವ ವಿಳಾಸದಲ್ಲಿ ಇಳಿಸಬೇಕು? ಹಾಡು ಸಿದ್ಧಮಾಡುವ ಭಾಗ ಎಲ್ಲಿದೆ? ಪ್ರತಿ ಬಡಿತಕ್ಕೂ ಕರೆಯಬೇಕಾದ ಭಾಗ ಎಲ್ಲಿದೆ? ಒಟ್ಟು ಎಷ್ಟು ಹಾಡು, ಶುರು ಯಾವುದರಿಂದ? ಈ ಉತ್ತರಗಳನ್ನು ಫೈಲಿನ ತಲೆಯಲ್ಲಿ ಬರೆದಿಡುವ ಪದ್ಧತಿಯೇ ಪಿಎಸ್‌ಐಡಿ. ಮೊದಲ ಆವೃತ್ತಿಯ ಹೆಡರ್ 118 ಬೈಟು, ಎರಡನೆಯದು 124. ಅದರಲ್ಲಿ ಹಾಡಿನ ಹೆಸರು, ಸಂಯೋಜಕರ ಹೆಸರು, ಬಿಡುಗಡೆಯ ವಿವರ ಮೂರಕ್ಕೂ ತಲಾ 32 ಬೈಟು.

ಕೇಳಲು ಸುಲಭ. ಆದರೆ ಹೊಸದಾಗಿ ಪ್ಲೇಯರ್ ಬರೆಯುವವರ ಕಾಲು ಜಾರುವ ಜಾಗಗಳು ಇಲ್ಲೇ ಇವೆ. ಅಮಿಗಾದ ಪ್ರೊಸೆಸರ್ ದೊಡ್ಡ ಅಂಕಿಯನ್ನು ಬರೆಯುವಾಗ ಮೇಲಿನ ಬೈಟನ್ನು ಮೊದಲು ಇಡುತ್ತದೆ, ಕೊಮೊಡೋರ್‌ನದು ಕೆಳಗಿನ ಬೈಟನ್ನು. ಹೆಡರ್ ಹುಟ್ಟಿದ್ದು ಅಮಿಗಾದಲ್ಲಿ, ಪ್ರೋಗ್ರಾಂ ಬಂದದ್ದು ಕೊಮೊಡೋರ್‌ನಿಂದ. ಹಾಗಾಗಿ ಒಂದೇ ಫೈಲಿನಲ್ಲಿ ಎರಡೂ ಕ್ರಮ ಉಳಿದುಕೊಂಡವು. ಹೆಡರಿನಲ್ಲಿ ಇಳಿಸುವ ವಿಳಾಸ 4096 ಆಗಿದ್ದರೆ ಅದು 16, 0 ಎಂಬ ಎರಡು ಬೈಟಾಗಿ ಕಾಣುತ್ತದೆ. ಆ ಜಾಗದಲ್ಲಿ ಸೊನ್ನೆ ಇದ್ದರೆ, ವಿಳಾಸ ಹೆಡರಿನ ಆಚೆ ದತ್ತಾಂಶದ ಮೊದಲೆರಡು ಬೈಟಿನಲ್ಲಿದೆ ಎಂದರ್ಥ; ಅಲ್ಲಿ ಅದೇ 4096 ಎಂಬುದು 0, 16 ಎಂದಿರುತ್ತದೆ. ಕ್ರಮ ತಪ್ಪಿ ಓದಿದವರ ಪ್ಲೇಯರ್ ಪ್ರೋಗ್ರಾಮನ್ನು 4096ರ ಬದಲು 16ನೇ ವಿಳಾಸದಲ್ಲಿ ಇಳಿಸಿ ಅಲ್ಲೇ ಮುಗ್ಗರಿಸುತ್ತದೆ. ಹಾಡುಗಳ ಎಣಿಕೆಯದೂ ಹೀಗೆಯೇ. ಹೆಡರಿನಲ್ಲಿ ಹಾಡುಗಳು 1ರಿಂದ ಶುರು. ಸಿದ್ಧತೆಯ ಭಾಗವನ್ನು ಕರೆಯುವಾಗ ಪ್ರೊಸೆಸರಿಗೆ ಕೊಡಬೇಕಾದ ಸಂಖ್ಯೆ ಮಾತ್ರ 0ಯಿಂದ ಶುರು. ಕೈಪಿಡಿಯಲ್ಲಿ ಇಂಥ ಪ್ರತಿ ಜಾಗಕ್ಕೂ ಒಂದೊಂದು ವಾಕ್ಯ ಬೇಕು. ಆ ವಾಕ್ಯ ಇಲ್ಲದ ಕಡೆ ಓದುಗರು ಊಹೆ ಮಾಡುತ್ತಾರೆ, ಊಹೆಗಳಲ್ಲಿ ಅರ್ಧ ತಪ್ಪಾಗುತ್ತವೆ.

ಯಾರ ಗಡಿಯಾರ, ಯಾವ ಚಿಪ್

ಮನೆಯ ಟಿವಿಯೇ ಪರದೆಯಾದ್ದರಿಂದ ಕೊಮೊಡೋರ್‌ನ ಗಡಿಯಾರ ಆಯಾ ದೇಶದ ಟಿವಿ ಪದ್ಧತಿಗೆ ಹೊಂದಿಕೊಂಡಿತ್ತು. ಯುರೋಪಿನಲ್ಲಿ ಪಾಲ್ ಪದ್ಧತಿ. ನಮ್ಮ ದೂರದರ್ಶನವೂ ಅದನ್ನೇ ಅನುಸರಿಸಿತು. ಅಲ್ಲಿ ಪರದೆ ಸೆಕೆಂಡಿಗೆ ಸುಮಾರು 50 ಸಲ ಹೊಸದಾಗುತ್ತದೆ. ಅಮೆರಿಕದ ಎನ್‌ಟಿಎಸ್‌ಸಿಯಲ್ಲಿ ಸುಮಾರು 60 ಸಲ, ಯಂತ್ರದ ಬಡಿತ ಸೆಕೆಂಡಿಗೆ 10,22,727. ಹಾಡು ನುಡಿಸುವ ಭಾಗವನ್ನು ಪರದೆಯ ಬಡಿತಕ್ಕೆ ಕಟ್ಟಿದ್ದರೆ ಯುರೋಪಿನ ಹಾಡು ಅಮೆರಿಕದ ಯಂತ್ರದಲ್ಲಿ ಐದನೇ ಒಂದು ಪಾಲು ಬೇಗ ಓಡುತ್ತದೆ. ಶ್ರುತಿಯೂ ಏರುತ್ತದೆ: ನಮ್ಮ 7492 ಎಂಬ ಅಂಕಿ ಅಲ್ಲಿ 440ರ ಬದಲು ಸುಮಾರು 457 ಹರ್ಟ್ಸ್ ಕೊಡುತ್ತದೆ. ಅದು ಒಂದು ಸ್ವರಸ್ಥಾನದ ಅರ್ಧಕ್ಕಿಂತ ಹೆಚ್ಚಿನ ಜಿಗಿತ. ಲಯವೂ ಶ್ರುತಿಯೂ ಬದಲಾದ ಮೇಲೆ ಸಂಯೋಜಕರು ಕೇಳಿಸಬೇಕೆಂದುಕೊಂಡ ಹಾಡು ಅದಾಗಿ ಉಳಿಯುವುದಿಲ್ಲ.

ಚಿಪ್ಪಿನಲ್ಲೂ ವ್ಯತ್ಯಾಸ ಬಂತು. ನಂತರದ ಯಂತ್ರಗಳಲ್ಲಿ 6581ರ ಬದಲಿಗೆ 8580 ಎಂಬ ಸುಧಾರಿತ ಚಿಪ್ ಕೂತಿತು. ಹಳೆಯ ಚಿಪ್ಪಿನಲ್ಲಿ ಒಂದು ಕುಂದಿತ್ತು. ಧ್ವನಿಮಟ್ಟದ ರಿಜಿಸ್ಟರನ್ನು ಬದಲಿಸಿದರೆ ಟಕ್ ಎಂಬ ಸದ್ದು ಬರುತ್ತಿತ್ತು. ಆ ರಿಜಿಸ್ಟರಿನಲ್ಲಿ 0ಯಿಂದ 15ರವರೆಗೆ ಹದಿನಾರು ಮಟ್ಟ. ಸಂಯೋಜಕರು ಅದನ್ನು ಸೆಕೆಂಡಿಗೆ ಸಾವಿರಾರು ಸಲ ಬದಲಿಸಿ, ಆ ಟಕ್ ಸದ್ದುಗಳಿಂದಲೇ ಮಾತು, ಡ್ರಮ್ಮುಗಳ ಮುದ್ರಿತ ಧ್ವನಿ ಹೊರಡಿಸಿದರು. ಮೂರು ದನಿಯ ಚಿಪ್ ನಾಲ್ಕನೆಯ ದನಿಯನ್ನೂ ಹಾಡಿತು. 8580ರಲ್ಲಿ ಆ ಕುಂದನ್ನು ಸರಿಪಡಿಸಿದ್ದರಿಂದ ಈ ನಾಲ್ಕನೆಯ ದನಿ ಕೇಳಿಸದಷ್ಟು ಕ್ಷೀಣವಾಯಿತು. ಇತ್ತ 6581ರ ಫಿಲ್ಟರ್ ತಯಾರಿಕೆಯ ಏರುಪೇರಿನಿಂದ ಚಿಪ್‌ನಿಂದ ಚಿಪ್‌ಗೆ ಬೇರೆಯಾಗಿ ಕೇಳಿಸುತ್ತಿತ್ತು. ಒಂದರಲ್ಲಿ ಹದವಾಗಿ ಕೇಳುವ ಹಾಡು ಇನ್ನೊಂದರಲ್ಲಿ ಮಂಕಾಗುತ್ತಿತ್ತು.

ಪಿಎಸ್‌ಐಡಿಯ ಎರಡನೇ ಆವೃತ್ತಿಯಲ್ಲಿ ಇದಕ್ಕೆಂದು ನಾಲ್ಕು ಬಿಟ್ ಸೇರಿಕೊಂಡವು. ಗಡಿಯಾರಕ್ಕೆ ಎರಡು, ಚಿಪ್‌ಗೆ ಎರಡು. ಎರಡು ಬಿಟ್‌ನಲ್ಲಿ ನಾಲ್ಕು ಉತ್ತರ ಹಿಡಿಸುತ್ತವೆ: ಇದು, ಅದು, ಎರಡೂ ಆಗಬಹುದು, ಮತ್ತು ಗೊತ್ತಿಲ್ಲ. ಈ ಕೊನೆಯ ಉತ್ತರ ನನಗೆ ಇಡೀ ಕೈಪಿಡಿಯಲ್ಲೇ ಅತ್ಯಂತ ಪ್ರಾಮಾಣಿಕವಾದದ್ದು ಅನ್ನಿಸುತ್ತದೆ. ಹಾಡು ಯಾವ ಚಿಪ್ಪಿನ ಮುಂದೆ ಕುಳಿತು ಬರೆದದ್ದು ಎಂದು ತಿಳಿಯದಿದ್ದರೆ ಬಾಯಿಗೆ ಬಂದದ್ದನ್ನು ತುಂಬಬೇಕಾಗಿಲ್ಲ. ತಿಳಿಯದು ಎಂದೇ ಬರೆಯಲು ಜಾಗವಿದೆ. ಖಾಲಿ ಬಿಟ್ಟ ಜಾಗವನ್ನು ಮುಂದೊಂದು ದಿನ ಬಲ್ಲವರು ತುಂಬುತ್ತಾರೆ. ಅಂದಾಜಿನಿಂದ ತುಂಬಿದ ಜಾಗವನ್ನು ಯಾರೂ ಅನುಮಾನಿಸುವುದೇ ಇಲ್ಲ.

ಬಿಟ್‌ಗಳಲ್ಲಿ ಹೇಳಲಾಗದ್ದನ್ನು ಅಳತೆಯಿಂದ ಹೇಳಬೇಕಾಯಿತು. ಡಾಗ್ ಲೆಮ್ ಅವರ ರೀಸಿಡ್ ಎಂಬ ಅನುಕರಣೆ ತಂತ್ರಾಂಶ ನಿಜವಾದ ಚಿಪ್ಪುಗಳ ವರ್ತನೆಯ ಅಧ್ಯಯನದ ಮೇಲೆ ನಿಂತಿದೆ. ಅದರ ಮೂಲ ಪ್ರೋಗ್ರಾಂ ಎಲ್ಲರಿಗೂ ಮುಕ್ತ. ಅಲೆಗಳು ಹೇಗೆ ಹುಟ್ಟುತ್ತವೆ, ಫಿಲ್ಟರ್ ಹೇಗೆ ವರ್ತಿಸುತ್ತದೆ ಎಂಬ ಟಿಪ್ಪಣಿಗಳು ಅದರೊಳಗೇ ಇವೆ. ಅಂಥ ಕಡೆ ಪ್ರೋಗ್ರಾಮೇ ದಾಖಲೆ.

ಹಾಡು ಮುಗಿಯುವುದು ಯಾವಾಗ

ಹೈ ವೋಲ್ಟೇಜ್ ಸಿಡ್ ಕಲೆಕ್ಷನ್ ಎಂಬ ಸಂಗ್ರಹದಲ್ಲಿ ಇವತ್ತು 50 ಸಾವಿರಕ್ಕೂ ಹೆಚ್ಚು ಸಿಡ್ ಫೈಲುಗಳಿವೆ. ಸ್ವಯಂಸೇವಕರು ಹಲವು ವರ್ಷಗಳಿಂದ ಅವನ್ನು ಕಲೆಹಾಕಿ, ಹೆಸರು ತಿದ್ದಿ, ಸಂಯೋಜಕರ ಪ್ರಕಾರ ಜೋಡಿಸಿ, ಫೈಲಿನ ರಚನೆಯ ಕೈಪಿಡಿಯನ್ನೂ ಜತೆಗೇ ಇಟ್ಟಿದ್ದಾರೆ. ಇಷ್ಟು ಹಾಡು ಒಂದೆಡೆ ಸೇರಿದಾಗ ಹೆಡರಿಗೆ ನಿಲುಕದ ಪ್ರಶ್ನೆಗಳು ಎದ್ದವು.

ಮೊದಲನೆಯದು, ಹಾಡು ಎಷ್ಟು ಉದ್ದ? ಆಟದ ಸಂಗೀತ ಸಾಮಾನ್ಯವಾಗಿ ಕೊನೆಗೆ ಬಂದೊಡನೆ ಮೊದಲಿಗೆ ಮರಳುತ್ತದೆ. ಆಟಗಾರ ಸೋಲುವ ತನಕ ನುಡಿಯುತ್ತಲೇ ಇರಬೇಕಲ್ಲ. ತಾನು ಯಾವಾಗ ಮುಗಿಯುತ್ತೇನೆ ಎಂದು ಪ್ರೋಗ್ರಾಂ ಹೇಳುವುದಿಲ್ಲ. ಸಾಲಾಗಿ ಹಾಡು ಹಾಕಿಕೊಂಡು ಕೇಳುವವರಿಗಾದರೋ ಒಂದು ಮುಗಿದು ಇನ್ನೊಂದು ಬರಬೇಕು. ಅದಕ್ಕೆ ಪ್ರತಿ ಹಾಡಿನ ಉದ್ದವನ್ನು ಬರೆದ ಪಟ್ಟಿಯೊಂದು ಸಿದ್ಧವಾಯಿತು. ಫೈಲಿನ ಹೆಸರು ಬದಲಾದರೂ ಗುರುತು ತಪ್ಪದಿರಲೆಂದು ಪ್ರತಿ ಫೈಲಿನ ಬೈಟುಗಳಿಂದ ಎಂಡಿ5 ಲೆಕ್ಕದ ಮೂಲಕ ಒಂದು ಬೆರಳಚ್ಚು ತೆಗೆದು, ಆ ಬೆರಳಚ್ಚಿನ ಮುಂದೆ ಉದ್ದವನ್ನು ಬರೆದರು.

ಎರಡನೆಯದು, ಹಾಡು ಎಲ್ಲಿಂದ ಬಂತು? ಮಾಂಟಿ ಆನ್ ದ ರನ್ ಸಂಗೀತಕ್ಕೆ ಚಾರ್ಲ್ಸ್ ವಿಲಿಯಮ್ಸ್ ಅವರ ಡೆವಿಲ್ಸ್ ಗ್ಯಾಲಪ್ ಎಂಬ ವಾದ್ಯಕೃತಿ ಪ್ರೇರಣೆ. ಇಂಥ ಸಂಗತಿಗೆ 32 ಬೈಟಿನ ಹೆಸರಿನ ಜಾಗ ಸಾಲದು. ಅದಕ್ಕೆಂದೇ ಸ್ಟಿಲ್ ಎಂಬ ಮತ್ತೊಂದು ಮಾಹಿತಿ ಪಟ್ಟಿ ಹುಟ್ಟಿತು. ಯಾವುದು ಯಾವುದರ ಮರುಸಂಯೋಜನೆ, ಫೈಲಿನೊಳಗಿನ ಯಾವ ಹಾಡು ಆಟದ ಯಾವ ಭಾಗದ್ದು ಎಂಬುದರ ಜತೆಗೆ ಸಂಯೋಜಕರೇ ಹೇಳಿದ ಮಾತುಗಳೂ ಅಲ್ಲಿವೆ.

ಈ ಹಾದಿಯನ್ನು ಹಿಂದಿರುಗಿ ನೋಡಿದರೆ ಒಂದು ಕ್ರಮ ಸ್ಪಷ್ಟವಾಗಿ ಕಾಣುತ್ತದೆ. ಮೊದಲು ವಾದ್ಯದ ದಾಖಲೆ, ಆಮೇಲೆ ವಾದಕನದು, ಆಮೇಲೆ ಓಡಿಸುವ ಷರತ್ತುಗಳದು, ಕೊನೆಗೆ ಹಾಡಿನ ಇತಿಹಾಸದ್ದು. ಪ್ರತಿ ಹಂತದಲ್ಲೂ ಬರೆದದ್ದು ಅದುವರೆಗೆ ಎಲ್ಲರಿಗೂ ಗೊತ್ತೇ ಇದೆ ಎಂದು ಬಿಟ್ಟಿದ್ದ ಸಂಗತಿಯನ್ನು. ಕೈಪಿಡಿ ಬರೆಯುವವರು ಸಾಮಾನ್ಯವಾಗಿ ಗುಂಡಿಗಳ ವಿವರ ಕೊಡುತ್ತಾರೆ: ಇದನ್ನು ಒತ್ತಿದರೆ ನುಡಿಯುತ್ತದೆ, ಅದನ್ನು ಒತ್ತಿದರೆ ನಿಲ್ಲುತ್ತದೆ. ಗುಂಡಿಯ ಕೆಲಸವನ್ನು ಒತ್ತಿ ನೋಡಿಯೂ ತಿಳಿಯಬಹುದು. ಒತ್ತಿ ತಿಳಿಯಲಾಗದ್ದು ಎಣಿಕೆ ಎಲ್ಲಿಂದ ಶುರು, ಬೈಟು ಯಾವ ಕ್ರಮದಲ್ಲಿ, ಗಡಿಯಾರ ಯಾರದು, ಯಾವುದು ಖಚಿತ, ಯಾವುದು ಊಹೆ ಎಂಬುದು. ಕೈಪಿಡಿಯಲ್ಲಿ ಮೊದಲ ಪುಟ ಸಲ್ಲಬೇಕಾದದ್ದು ಇವಕ್ಕೆ.

ಅಂಥ ಕೈಪಿಡಿಗೆ ನಾನು ಇಡುವ ಪರೀಕ್ಷೆ ಒಂದೇ. ಕೊಮೊಡೋರ್ 64 ಯಂತ್ರವನ್ನು ಕಣ್ಣಿಂದಲೂ ನೋಡದ ವಿದ್ಯಾರ್ಥಿನಿಯೊಬ್ಬಳು ಅದನ್ನಷ್ಟೇ ಓದಿ ಹೊಸ ಪ್ಲೇಯರ್ ಬರೆಯಬೇಕು. ಅವಳ ಲ್ಯಾಪ್‌ಟಾಪಿನಲ್ಲಿ 1985ರ ಆ ಹಾಡು ಸರಿಯಾದ ಕಾಲದಲ್ಲಿ, ಸರಿಯಾದ ಶ್ರುತಿಯಲ್ಲಿ ನುಡಿಯಬೇಕು. ಸಿಡ್ ಸಂಗೀತದ ಕೈಪಿಡಿಗಳು ಬಹುಮಟ್ಟಿಗೆ ಈ ಪರೀಕ್ಷೆಯಲ್ಲಿ ಗೆದ್ದಿವೆ. ಆ ಫೈಲುಗಳನ್ನು ನುಡಿಸುವ ತಂತ್ರಾಂಶಗಳು ಇವತ್ತು ಫೋನಿನಿಂದ ಹಿಡಿದು ದೊಡ್ಡ ಕಂಪ್ಯೂಟರಿನವರೆಗೆ ಎಲ್ಲೆಡೆ ಇವೆ. ಯಂತ್ರ ತಯಾರಿಸಿದ ಕೊಮೊಡೋರ್ ಕಂಪನಿ 1994ರಲ್ಲಿ ದಿವಾಳಿಯಾಗಿ ಮುಚ್ಚಿಹೋಯಿತು. ಅದಾದ ಮೇಲೂ ಹಾಡುಗಳು ನುಡಿಯುತ್ತಿರುವುದು, ಎಲ್ಲರಿಗೂ ಗೊತ್ತಿದ್ದದ್ದನ್ನು ಗೊತ್ತಿಲ್ಲದವರಿಗಾಗಿ ಕೂತು ಬರೆದವರಿದ್ದರು ಎಂಬ ಕಾರಣಕ್ಕೆ.